ಮಕ್ಕಳಿಗೆ ಹಕ್ಕಿನ ಪಾಠ ಮಾಡೋ ಟೀಚರ್ ಮಾತನ್ನ ಕೇಳೋರು ಯಾರು?

ಶಾಲೆಯಲ್ಲಿ ಪ್ರಜಾಪ್ರಭುತ್ವ, ಮಾನವ ಹಕ್ಕು ಕಲಿಸೋಕೆ ಟೀಚರ್‌ಗಳನ್ನ ಹೇಗೆ ತಯಾರು ಮಾಡ್ಬೇಕು ಅನ್ನೋದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನ ಇಲ್ಲಿ ತಗೊಂಡಿದೀನಿ. ಮೊದಲನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಯ್ತು, ಯಾಕಂದ್ರೆ ಬಾಕಿ ನಾಲ್ಕರ ಬೇರೂ ಅದರಲ್ಲೇ ಇದೆ.

ಪ್ರಶ್ನೆ: ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ಮಾನವ ಹಕ್ಕುಗಳ ಬಗ್ಗೆ ಎರಡು ದಿನದ ಟ್ರೈನಿಂಗ್‌ಗೆ ಕಳಿಸಿದ್ರು. ಬೆಳಗ್ಗಿಂದ ಸಂಜೆ ತನಕ ಸ್ಲೈಡ್ ತೋರಿಸಿದ್ರು, ನಾವು ಬರ್ಕೊಂಡ್ವಿ, ಸರ್ಟಿಫಿಕೇಟ್ ತಗೊಂಡು ಬಂದ್ವಿ. ಕ್ಲಾಸಿಗೆ ವಾಪಸ್ ಹೋದ್ಮೇಲೆ ಏನೂ ಬದಲಾಗ್ಲಿಲ್ಲ. ತಪ್ಪು ನನ್ನದಾ, ಟ್ರೈನಿಂಗ್‌ದಾ?

ಉತ್ತರ: ಟ್ರೈನಿಂಗ್‌ದು ಮೇಡಂ. ನಿಮ್ಮ ತಪ್ಪು ಅಂತ ಒಂದು ನಿಮಿಷಾನೂ ಅಂದ್ಕೋಬೇಡಿ. ಎರಡು ದಿನ ಬಾಯಿ ಮುಚ್ಕೊಂಡು ಕೂತು ಕೇಳಿಸ್ಕೊಂಡವರು ವಾಪಸ್ ಹೋಗಿ ಮಕ್ಕಳಿಗೆ ಮಾತಾಡೋಕೆ ಜಾಗ ಬಿಡ್ತಾರೆ ಅಂತ ನಿರೀಕ್ಷೆ ಮಾಡೋದು ಹೇಗೆ? ನಮಗೆ ಹೇಗೆ ಕಲಿಸಿದ್ರೋ ನಾವೂ ಹಾಗೇ ಕಲಿಸ್ತೀವಿ, ಅದು ಮನುಷ್ಯ ಸಹಜ.

ವಿಶ್ವಸಂಸ್ಥೆ 2011ರ ಡಿಸೆಂಬರ್‌ನಲ್ಲಿ ಮಾನವ ಹಕ್ಕುಗಳ ಶಿಕ್ಷಣ ಮತ್ತು ತರಬೇತಿ ಬಗ್ಗೆನೇ ಒಂದು ಘೋಷಣೆ ಒಪ್ಕೊಂಡಿತು. ಅದರಲ್ಲಿ ಮೂರು ಪದ ಇದಾವೆ, ನಾನು ಟ್ರೈನಿಂಗ್ ಶುರು ಮಾಡೋದೇ ಅದರಿಂದ: ಹಕ್ಕುಗಳ ಬಗ್ಗೆ, ಹಕ್ಕುಗಳ ಮೂಲಕ, ಹಕ್ಕುಗಳಿಗಾಗಿ. ಬಗ್ಗೆ ಅಂದ್ರೆ ತಿಳುವಳಿಕೆ, ಯಾವ ಹಕ್ಕು ಎಲ್ಲಿ ಬರೆದಿದೆ ಅನ್ನೋದು. ಗಾಗಿ ಅಂದ್ರೆ ತನ್ನ ಹಕ್ಕನ್ನ ಬಳಸೋ, ಬೇರೆಯವರದ್ದನ್ನ ಕಾಪಾಡೋ ಶಕ್ತಿ ಬರೋದು. ನಡುವಿನದು, ಮೂಲಕ ಅನ್ನೋದು, ಎಲ್ಲರೂ ಹಾರಿಸಿಬಿಡೋದು. ಕಲಿಸೋ ರೀತಿಯಲ್ಲೇ ಹಕ್ಕುಗಳಿಗೆ ಗೌರವ ಇರ್ಬೇಕು ಅನ್ನೋದು ಅದರ ಅರ್ಥ, ಮತ್ತೆ ಆ ಘೋಷಣೆ ಇಲ್ಲಿ ಕಲಿಯೋರ ಹಕ್ಕು ಅಷ್ಟೇ ಹೇಳಲ್ಲ, ಕಲಿಸೋರ ಹಕ್ಕೂ ಅಂತ ಸೇರಿಸಿ ಹೇಳುತ್ತೆ. ಇದನ್ನ ಓದಿದಾಗೆಲ್ಲ ನನಗೆ ಎಷ್ಟೋ ಟೀಚರ್‌ಗಳ ಮುಖ ಕಣ್ಮುಂದೆ ಬರುತ್ತೆ.

ಯುರೋಪಿನ ದೇಶಗಳು ಮಾನವ ಹಕ್ಕು, ಪ್ರಜಾಪ್ರಭುತ್ವ ಕಾಪಾಡೋಕೆ ಕಟ್ಕೊಂಡಿರೋ ಕೌನ್ಸಿಲ್ ಆಫ್ ಯುರೋಪ್ ಅನ್ನೋ ಸಂಸ್ಥೆ 2018ರಲ್ಲಿ ಪ್ರಜಾಪ್ರಭುತ್ವದ ಬದುಕಿಗೆ ಬೇಕಾದ 20 ಸಾಮರ್ಥ್ಯಗಳ ಚೌಕಟ್ಟು ಪ್ರಕಟ ಮಾಡ್ತು. ಅದರಲ್ಲಿ ಮೌಲ್ಯಗಳು 3, ಮನೋಭಾವ 6, ಕೌಶಲ 8, ಜ್ಞಾನ ಮತ್ತು ವಿಮರ್ಶಾತ್ಮಕ ತಿಳುವಳಿಕೆ ಅನ್ನೋ ಗುಂಪಲ್ಲಿ ಇರೋದು ಬರೀ 3. ನಿಮ್ಮ ಎರಡು ದಿನ ಪೂರ್ತಿ ಆ ಕೊನೇ ಮೂರರಲ್ಲೇ ಕಳೆದುಹೋಯ್ತು ನೋಡಿ. ಕೇಳಿಸ್ಕೊಳ್ಳೋದು, ಜಗಳ ಬಿಡಿಸೋದು, ಗೊತ್ತಿಲ್ಲ ಅನ್ನೋ ಸ್ಥಿತಿಯನ್ನ ಸಹಿಸ್ಕೊಳ್ಳೋದು, ಇವೆಲ್ಲ ಸ್ಲೈಡ್ ನೋಡಿ ಬರಲ್ಲ, ಸೈಕಲ್ ಕಲಿತ ಹಾಗೆ ಬಿದ್ದು ಎದ್ದೇ ಬರ್ಬೇಕು.

ಹಾಗಾದ್ರೆ ಹೇಗೆ ಮಾಡ್ಬೇಕು? ನಾನು ಮಾಡೋದನ್ನ ಹೇಳ್ತೀನಿ. ಕುರ್ಚಿ ದುಂಡಗೆ ಹಾಕಿಸ್ತೀನಿ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನೀವು ಶಾಲೆಗೆ ಹೋಗ್ತಿದ್ದಾಗ ಅವಮಾನ ಆದ ಒಂದು ದಿನ ನೆನಪು ಮಾಡ್ಕೊಂಡು ಬರೀರಿ, ಹೆಸರು ಬೇಡ ಅಂತೀನಿ. ಬೇರೆ ಏನೇ ಬರೆಯೋಕೆ ಹೇಳಿದ್ರೂ ಪೆನ್ ಕಚ್ಕೊಂಡು ಕೂರೋ ಜನ ಇದನ್ನ ಮಾತ್ರ ಕೂಡ್ಲೇ ಬರೀತಾರೆ. ಒಂದು ಸಲ ಐವತ್ತರ ಹತ್ರ ಇದ್ದ ಮೇಷ್ಟ್ರೊಬ್ಬರು ಬರೆದಿದ್ದು ಎರಡೇ ಸಾಲು: ನೋಟ್‌ಬುಕ್ ತಂದಿಲ್ಲ ಅಂತ ಹೊರಗೆ ನಿಲ್ಲಿಸಿದ್ರು, ಯಾಕೆ ತಂದಿಲ್ಲ ಅಂತ ಕೇಳ್ಲೇ ಇಲ್ಲ. ಚೀಟಿ ವಾಪಸ್ ಕೈಗೆ ಬಂದ್ಮೇಲೆ ಅವರು ಅದನ್ನ ಮಡಚಿ ಮಡಚಿ ಉಗುರಿನಷ್ಟು ಸಣ್ಣ ಮಾಡ್ಕೊಂಡು ಮಧ್ಯಾಹ್ನದ ತನಕ ಕೈಯಲ್ಲೇ ಇಟ್ಕೊಂಡಿದ್ರು. ಅದಾದ್ಮೇಲೆ ನಾನು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 30 ವಿಧಿಗಳನ್ನೂ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನೂ ನೆಲದ ಮೇಲೆ ಹರಡಿ, ಚೀಟಿಯಲ್ಲಿರೋದು ಯಾವುದಕ್ಕೆ ಸೇರುತ್ತೆ ನೋಡಿ ಅಂತೀನಿ. ಆಗ ಆ ಮೇಷ್ಟ್ರು ಒಡಂಬಡಿಕೆಯ 12ನೇ ವಿಧಿ ಮೇಲೆ ಬೆರಳಿಟ್ರು, ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗು ತನ್ನ ಮಾತು ಹೇಳ್ಬಹುದು, ಅದಕ್ಕೆ ವಯಸ್ಸು ಪ್ರಬುದ್ಧತೆಗೆ ತಕ್ಕಂತೆ ಬೆಲೆ ಕೊಡ್ಬೇಕು ಅನ್ನೋ ವಿಧಿ ಅದು. ಆಮೇಲೆ ಅದನ್ನ ಬಾಯಿಪಾಠ ಮಾಡ್ಸೋ ಅವಶ್ಯಕತೆನೇ ಬರ್ಲಿಲ್ಲ.

ಇನ್ನೊಂದು ಮುಖ್ಯ ವಿಷಯ, ಎರಡು ದಿನವನ್ನ ಒಟ್ಟಿಗೆ ಇಡ್ಬೇಡಿ ಅಂತ ನಿಮ್ಮನ್ನ ಕಳಿಸಿದವರಿಗೆ ಹೇಳಿ. ಒಂದು ದಿನ ಈಗ, ಇನ್ನೊಂದು ದಿನ ಆರು ವಾರ ಬಿಟ್ಟು. ನಡುವೆ ಪ್ರತಿಯೊಬ್ಬರೂ ಕ್ಲಾಸಲ್ಲಿ ಒಂದೇ ಒಂದು ವಿಷಯ ಬದಲಾಯಿಸಿ ನೋಡ್ಬೇಕು, ಜೊತೆಯ ಟೀಚರ್ ಒಬ್ಬರು ಹಿಂದಿನ ಬೆಂಚಲ್ಲಿ ಕೂತು ಅದನ್ನ ಮಾತ್ರ ಗಮನಿಸ್ಬೇಕು, ಮಾರ್ಕ್ ಹಾಕೋಕಲ್ಲ, ಸುಮ್ನೆ ನೋಡಿದ್ದನ್ನ ಹೇಳೋಕೆ. ಎರಡನೇ ದಿನ ಏನು ಕೈಕೊಡ್ತು ಅನ್ನೋದನ್ನ ಹಿಡ್ಕೊಂಡು ಬರ್ತಾರಲ್ಲ, ನಿಜವಾದ ಟ್ರೈನಿಂಗ್ ಅವತ್ತು ನಡೆಯೋದು.

ಪ್ರಶ್ನೆ: ನಾನು ಮುಖ್ಯೋಪಾಧ್ಯಾಯ. ಹಕ್ಕು ಹಕ್ಕು ಅಂತ ಹೇಳಿಕೊಟ್ರೆ ಶಿಸ್ತು ಹೋಗುತ್ತೆ ಅಂತ ನಮ್ಮ ಸ್ಟಾಫ್ ಹೇಳ್ತಾರೆ. ಇನ್ನು ಕೆಲವರು, ನಮ್ಮ ಹಕ್ಕನ್ನ ಯಾರು ಕೇಳ್ತಾರೆ ಸರ್ ಅಂತಾರೆ. ಏನು ಉತ್ತರ ಕೊಡ್ಲಿ?

ಉತ್ತರ: ಎರಡನೇ ಮಾತಿಗೆ ಮೊದ್ಲು ಉತ್ತರ ಕೊಡಿ ಸರ್, ಅದು ಗೊಣಗಾಟ ಅಲ್ಲ, ನ್ಯಾಯವಾದ ಪ್ರಶ್ನೆ. 1966ರ ಅಕ್ಟೋಬರ್ 5ರಂದೇ ಶಿಕ್ಷಕರ ಸ್ಥಾನಮಾನದ ಬಗ್ಗೆ ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಶಿಫಾರಸು ಬಂತು, ವಿಶ್ವ ಶಿಕ್ಷಕರ ದಿನ ಆ ತಾರೀಖಿಗೆ ಇರೋದೂ ಅದಕ್ಕೇ. ನಿಮ್ಮ ಸ್ಟಾಫ್ ಮೀಟಿಂಗ್ ಹೇಗೆ ನಡೆಯುತ್ತೆ ಅಂತ ಒಂದು ಸಲ ಯೋಚನೆ ಮಾಡಿ. ನೀವು ಸುತ್ತೋಲೆ ಓದ್ತೀರಿ, ಅವರು ಸಹಿ ಹಾಕ್ತಾರೆ, ಮುಗೀತು, ಹೀಗಾದ್ರೆ ಅವರು ಕ್ಲಾಸಲ್ಲೂ ಅದನ್ನೇ ಮಾಡ್ತಾರೆ. ಮುಂದಿನ ಮೀಟಿಂಗಲ್ಲಿ ಒಂದು ನಿಜವಾದ ನಿರ್ಧಾರವನ್ನ ಅವರಿಗೇ ಬಿಡಿ, ಟೈಂಟೇಬಲ್ ಆಗಲಿ ಪರೀಕ್ಷೆ ಡ್ಯೂಟಿ ಆಗಲಿ, ಅವರು ಹೇಳಿದ್ದು ನಿಮಗೆ ಇಷ್ಟ ಆಗದಿದ್ರೂ ಆ ತಿಂಗಳು ಅದೇ ನಡೀಲಿ.

ಶಿಸ್ತಿನ ವಿಷಯ. ಮಕ್ಕಳ ಒಡಂಬಡಿಕೆಯ 28ನೇ ವಿಧಿ ಶಿಸ್ತೇ ಬೇಡ ಅನ್ನಲ್ಲ, ಶಾಲೆಯ ಶಿಸ್ತು ಮಗುವಿನ ಘನತೆಗೆ ಕುಂದು ಬರದ ಹಾಗೆ ಇರ್ಬೇಕು ಅನ್ನುತ್ತೆ. ಮಗು ಹೇಳಿದ್ದೆಲ್ಲ ಆಗ್ಬೇಕು ಅಂತಾನೂ ಯಾವ ವಿಧಿಯಲ್ಲೂ ಇಲ್ಲ. ಟೀಚರ್‌ಗಳಿಗೆ ಇದನ್ನ ಬಾಯಲ್ಲಿ ಹೇಳೋದಕ್ಕಿಂತ ಮಕ್ಕಳ ಜೊತೆ ಕೂತು ಕ್ಲಾಸಿನ ನಿಯಮ ಬರೆಸೋಕೆ ಹೇಳಿ. ಮೊದಲನೇ ಸಲ ಒಂದು ಆಶ್ಚರ್ಯ ಕಾದಿರುತ್ತೆ, ಮಕ್ಕಳು ನಮಗಿಂತ ಕಠಿಣವಾದ ಶಿಕ್ಷೆ ಬರೀತಾರೆ, ಲೇಟ್ ಬಂದ್ರೆ ಇಡೀ ದಿನ ನಿಲ್ಲಿಸಿ ಅಂತಾರೆ, ಯಾಕಂದ್ರೆ ಅವರು ನೋಡಿರೋದೇ ಅಷ್ಟು. ಆಗ ಟೀಚರ್ ಗಾಬರಿಯಾಗಿ ಅಳಿಸ್ಬಾರದು. ಬಸ್ ಕೆಟ್ಟು ನೀನೇ ಲೇಟಾದ್ರೆ ಅಂತ ಒಂದು ಪ್ರಶ್ನೆ ಸಾಕು, ಆಮೇಲೆ ಚರ್ಚೆ ತಾನಾಗೇ ಹೊರಳುತ್ತೆ. ಟೀಚರ್‌ಗೂ ಅನ್ವಯ ಆಗೋ ಒಂದು ನಿಯಮ ಆ ಪಟ್ಟಿಯಲ್ಲಿ ಇರ್ಲೇಬೇಕು.

ಪೋಲೆಂಡಿನ ವೈದ್ಯ ಯಾನುಷ್ ಕೋರ್ಚಾಕ್ 1912ರಿಂದ ವಾರ್ಸಾದಲ್ಲಿ ಅನಾಥಾಲಯ ನಡೆಸಿದವರು. ಅಲ್ಲಿ ಮಕ್ಕಳದ್ದೇ ಕೋರ್ಟ್ ಇತ್ತು, ಮಕ್ಕಳೇ ನ್ಯಾಯಾಧೀಶರು, ಕೋರ್ಚಾಕ್ ಅವರೇ ಆರೋಪಿಯಾಗಿ ಅದರ ಮುಂದೆ ನಿಂತಿದ್ದೂ ಉಂಟು. ಆ ಕೋರ್ಟಿನ ನಿಯಮಗಳಲ್ಲಿ ಹೆಚ್ಚಿನವು ಕ್ಷಮೆ ಬಗ್ಗೆ ಇದ್ದವು. 1942ರಲ್ಲಿ ನಾಜಿಗಳು ಆ ಮಕ್ಕಳನ್ನ ಟ್ರೆಬ್ಲಿಂಕಾ ಅನ್ನೋ ಸಾವಿನ ಶಿಬಿರಕ್ಕೆ ಸಾಗಿಸಿದಾಗ ಅವರು ಮಕ್ಕಳ ಕೈ ಬಿಡದೆ ಜೊತೆಗೇ ಹೋಗಿ ಅಲ್ಲೇ ಪ್ರಾಣ ಕಳ್ಕೊಂಡ್ರು. ಮಕ್ಕಳ ಮುಂದೆ ತಪ್ಪೊಪ್ಪಿಕೊಂಡ್ರೆ ಬೆಲೆ ಹೋಗುತ್ತೆ ಅನ್ನೋ ಟೀಚರ್‌ಗೆ ನಾನು ಇವರ ಕಥೆ ಹೇಳ್ತೀನಿ, ಪೂರ್ತಿ ಹೇಳ್ತೀನಿ.

ಪ್ರಶ್ನೆ: ನಾನು ಗಣಿತದ ಟೀಚರ್. ಈ ಟ್ರೈನಿಂಗ್ ನನಗ್ಯಾಕೆ?

ಉತ್ತರ: ನಿಮ್ಮ ಕ್ಲಾಸಲ್ಲಿ ಪ್ರಶ್ನೆ ಕೇಳಿದ್ಮೇಲೆ ಎಷ್ಟು ಹೊತ್ತು ಕಾಯ್ತೀರಿ? 1970ರ ದಶಕದಲ್ಲಿ ಮೇರಿ ಬಡ್ ರೋವ್ ಅನ್ನೋ ಅಮೆರಿಕದ ಸಂಶೋಧಕಿ ಕ್ಲಾಸ್‌ರೂಮ್ ರೆಕಾರ್ಡಿಂಗ್ ಕೇಳಿ ನೋಡಿದಾಗ ಟೀಚರ್‌ಗಳು ಸರಾಸರಿ ಒಂದು ಸೆಕೆಂಡಷ್ಟೇ ಕಾಯ್ತಿದ್ರು. ಮೂರು ಸೆಕೆಂಡ್ ಕಾದಾಗ ಉತ್ತರ ಉದ್ದ ಆಯ್ತು, ಸಾಮಾನ್ಯವಾಗಿ ಸುಮ್ನಿರೋ ಮಕ್ಕಳೂ ಬಾಯಿ ಬಿಟ್ರು. ಯಾರ ಮಾತಿಗೆ ಸಮಯ ಸಿಗುತ್ತೆ ಅನ್ನೋದೇ ಪ್ರಜಾಪ್ರಭುತ್ವದ ಪ್ರಶ್ನೆ ಅಲ್ವಾ ಸರ್? ಈ ವಾರ ಬೋರ್ಡಿಗೆ ಯಾರ್ಯಾರನ್ನ ಕರೆದ್ರಿ ಅಂತ ಹಾಜರಿ ಪಟ್ಟಿ ಪಕ್ಕ ಒಂದೊಂದು ಗೀಟು ಹಾಕ್ತಾ ಹೋಗಿ, ಶನಿವಾರ ನೋಡಿ. ಇಡೀ ವಾರ ಒಂದೂ ಗೀಟಿಲ್ಲದ ಹೆಸರುಗಳು ಕಾಣಿಸ್ತಾವೆ.

ಪ್ರಶ್ನೆ: ಮಕ್ಕಳು ಮನೆಯಿಂದ ರಾಜಕೀಯ ಮಾತು ಹೊತ್ಕೊಂಡು ಬರ್ತಾರೆ, ಮಿಸ್ ನೀವು ಯಾರ ಕಡೆ ಅಂತ ಕೇಳ್ತಾರೆ. ಬಾಯಿ ಬಿಟ್ರೆ ಕಂಪ್ಲೇಂಟ್ ಬರುತ್ತೆ ಅಂತ ಭಯ. ಸುಮ್ನಿರೋದೇ ಒಳ್ಳೇದಲ್ವಾ?

ಉತ್ತರ: ನಿಮ್ಮ ಭಯ ನನಗೆ ಅರ್ಥ ಆಗುತ್ತೆ, ಆದ್ರೆ ಪೂರ್ತಿ ಸುಮ್ನಿದ್ರೆ ಮಕ್ಕಳು ಆ ಚರ್ಚೆಯನ್ನ ಫೋನಲ್ಲಿ ಮುಗಿಸ್ಕೋತಾರೆ. ಪಶ್ಚಿಮ ಜರ್ಮನಿಯ ಬಾಯ್ಟೆಲ್ಸ್‌ಬಾಖ್ ಅನ್ನೋ ಊರಲ್ಲಿ 1976ರಲ್ಲಿ ಬೇರೆ ಬೇರೆ ನಿಲುವಿನ ಶಿಕ್ಷಣ ತಜ್ಞರು ಸೇರಿ ಇದನ್ನೇ ಚರ್ಚೆ ಮಾಡಿದ್ರು, ಅಲ್ಲಿಂದ ಹುಟ್ಟಿದ ಮೂರು ಮಾತು ಇವತ್ತಿಗೂ ಕೆಲಸಕ್ಕೆ ಬರುತ್ತೆ. ಟೀಚರ್ ತನ್ನ ಅಭಿಪ್ರಾಯವನ್ನ ಮಕ್ಕಳ ಮೇಲೆ ಹೇರ್ಬಾರದು. ಸಮಾಜದಲ್ಲಿ ಯಾವುದರ ಬಗ್ಗೆ ಭಿನ್ನಾಭಿಪ್ರಾಯ ಇದೆಯೋ ಕ್ಲಾಸಲ್ಲೂ ಅದು ಭಿನ್ನಾಭಿಪ್ರಾಯವಾಗೇ ಬರ್ಬೇಕು. ಮೂರನೇದು, ವಿದ್ಯಾರ್ಥಿಗೆ ರಾಜಕೀಯ ಪರಿಸ್ಥಿತಿಯನ್ನೂ ಅದರಲ್ಲಿ ತನ್ನ ಹಿತ ಎಲ್ಲಿದೆ ಅನ್ನೋದನ್ನೂ ತಾನೇ ಅಳೆದು ನೋಡೋ ಶಕ್ತಿ ಬರ್ಬೇಕು. ಇದನ್ನ ಇಟ್ಕೊಂಡು ನೀವು, ನಾನು ಯಾರ ಕಡೆ ಅನ್ನೋದನ್ನ ಹೇಳಲ್ಲ, ಎರಡೂ ಕಡೆಯ ಅತಿ ಗಟ್ಟಿಯಾದ ವಾದ ಏನು ಅಂತ ನೀವೇ ಹುಡುಕ್ಕೊಂಡು ಬನ್ನಿ ಅಂತ ಹೇಳ್ಬಹುದು, ಅದಕ್ಕೆ ಯಾವ ಪೋಷಕರೂ ಬೆರಳು ತೋರ್ಸೋಕಾಗಲ್ಲ.

ಆದ್ರೆ ಎರಡು ಕಡೆ ಅನ್ನೋದು ಎಲ್ಲದಕ್ಕೂ ಇಲ್ಲ. ತೆರಿಗೆ ಎಷ್ಟಿರ್ಬೇಕು ಅನ್ನೋದಕ್ಕೆ ಎರಡು ಕಡೆ ಇದೆ, ಒಂದು ಗುಂಪಿನ ಜನ ಮನುಷ್ಯರೇ ಅಲ್ಲ ಅನ್ನೋದಕ್ಕೆ ಇಲ್ಲ. ಮಗು ಅಂಥ ಮಾತು ಆಡಿದ್ರೆ ಪಾಠ ಅಲ್ಲೇ ನಿಲ್ಲಿಸಿ, ಮಗುವನ್ನ ಬಿಟ್ಟು ಮಾತನ್ನ ಹಿಡೀರಿ. ನೀನು ಕೆಟ್ಟವನು ಅನ್ಬೇಡಿ, ಈ ಮಾತು ಈ ಕ್ಲಾಸಲ್ಲಿ ನಡೆಯಲ್ಲ, ಯಾಕೆ ಅಂತ ಹೇಳ್ತೀನಿ ಅನ್ನಿ. ಬೆಲ್ ಹೊಡೆದ್ಮೇಲೆ ಆ ಮಾತು ಯಾರಿಗೆ ತಾಗಿರುತ್ತೋ ಆ ಮಗುವಿನ ಹತ್ರ ಹೋಗಿ ಮಾತಾಡಿ, ಎಲ್ಲರ ಮುಂದೆ ಬೇಡ. ಇದನ್ನ ಟ್ರೈನಿಂಗಲ್ಲಿ ನಾವು ಪಾತ್ರ ಹಾಕಿ ಅಭ್ಯಾಸ ಮಾಡ್ಸ್ತೀವಿ, ಒಬ್ಬ ಟೀಚರ್ ವಿದ್ಯಾರ್ಥಿ ಆಗ್ತಾರೆ, ಇನ್ನೊಬ್ಬರು ಉತ್ತರ ಕೊಡ್ತಾರೆ, ಮೊದಲ ಎರಡು ಮೂರು ಸಲ ಎಲ್ಲರ ನಾಲಿಗೆಯೂ ತಡವರಿಸುತ್ತೆ, ಅಲ್ಲೇ ತಡವರಿಸ್ಲಿ ಅಂತಾನೇ ಮಾಡ್ಸೋದು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮಕ್ಕಳ ಸಂಸತ್ತು ಇದೆ, ಬ್ಯಾಡ್ಜ್ ಇದೆ, ಪ್ರಮಾಣ ವಚನ ಆಗುತ್ತೆ. ಇಷ್ಟು ಸಾಕಲ್ವಾ?

ಉತ್ತರ: ಆ ಸಂಸತ್ತು ಕೇಳಿದ್ದಕ್ಕೆ ಕೊನೇ ಸಲ ಶಾಲೆ ಏನು ಉತ್ತರ ಕೊಡ್ತು ಅಂತ ನೆನಪು ಮಾಡ್ಕೊಳ್ಳಿ. ಮಕ್ಕಳ ಪಾಲ್ಗೊಳ್ಳುವಿಕೆ ಬಗ್ಗೆ ಅಧ್ಯಯನ ಮಾಡಿದ ರೋಜರ್ ಹಾರ್ಟ್ ಅನ್ನೋರು 1992ರಲ್ಲಿ ಯುನಿಸೆಫ್‌ಗೆ ಬರೆದುಕೊಟ್ಟ ಪ್ರಬಂಧದಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿ ಇದೆ. ಕೆಳಗಿನ ಮೂರು ಮೆಟ್ಟಿಲು, ಅಂದ್ರೆ ಮಕ್ಕಳನ್ನ ಬಳಸ್ಕೊಳ್ಳೋದು, ಅಲಂಕಾರಕ್ಕೆ ನಿಲ್ಲಿಸೋದು, ಹೆಸರಿಗೆ ಮಾತ್ರ ಸೇರಿಸ್ಕೊಳ್ಳೋದು, ಇವನ್ನ ಅವರು ಪಾಲ್ಗೊಳ್ಳುವಿಕೆ ಅಂತಾನೇ ಲೆಕ್ಕಕ್ಕೆ ತಗೊಳ್ಳಲ್ಲ. ಬ್ಯಾಡ್ಜ್ ಮಾತ್ರ ಇದ್ರೆ ನಿಮ್ಮದೂ ಅಲ್ಲೇ ನಿಂತಿದೆ.

ಮೇಲಕ್ಕೆ ಹತ್ತೋಕೆ ದೊಡ್ಡ ಖರ್ಚೇನೂ ಬೇಡ. ಮಕ್ಕಳು ಕೇಳಿದ ಪ್ರತಿಯೊಂದಕ್ಕೂ ಹದಿನೈದು ದಿನದ ಒಳಗೆ ಬರವಣಿಗೆಯಲ್ಲಿ ಉತ್ತರ, ನೋಟಿಸ್ ಬೋರ್ಡ್ ಮೇಲೆ, ಆಗುತ್ತೆ ಇಲ್ಲವೇ ಆಗಲ್ಲ, ಆಗಲ್ಲ ಅಂದ್ರೆ ಕಾರಣ. ನಾನು ಜೊತೆಗಿದ್ದ ಒಂದು ಶಾಲೆಯಲ್ಲಿ ಹೀಗೆ ಶುರು ಮಾಡಿದ್ರು. ಹೆಣ್ಣುಮಕ್ಕಳ ಟಾಯ್ಲೆಟ್ ಬಾಗಿಲಿಗೆ ಚಿಲಕ ಕೇಳಿದ್ರು, ಎರಡನೇ ದಿನಕ್ಕೇ ಹಾಕಿಸಿದ್ರು. ಆಟದ ಪೀರಿಯಡ್ ದಿನಾ ಬೇಕು ಅಂದ್ರು, ಅದಕ್ಕೆ ಮೈದಾನ ಒಂದೇ ಇದೆ, ಕ್ಲಾಸು ಹನ್ನೆರಡು ಇದಾವೆ, ಆಗಲ್ಲ ಅಂತ ಕಾರಣ ಬರೆದು ಅಂಟಿಸಿದ್ರು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಆ ಕಾಗದದ ಮುಂದೆ ನಿಂತು ಎರಡು ಸಲ ಓದಿದ್ಲು. ಮಾರನೇ ದಿನ ಮೈದಾನವನ್ನ ಮಧ್ಯಕ್ಕೆ ಗೆರೆ ಹಾಕಿ ಎರಡು ಮಾಡಿ, ಯಾವ ಕ್ಲಾಸು ಯಾವ ದಿನ ಅಂತ ಪೆನ್ಸಿಲಲ್ಲಿ ಬರೆದ ಟೈಂಟೇಬಲ್ ತಂದು ಹೆಡ್‌ಮಿಸ್ ಟೇಬಲ್ ಮೇಲೆ ಇಟ್ಲು.