ಕ್ರಿಯಾಪದ ಮೊದಲು ಬಂದರೆ

ಪ್ರಶ್ನೆ: ಪರ್ಷಿಯನ್‌ನಲ್ಲೂ ಕನ್ನಡದಂತೆ ಕ್ರಿಯಾಪದ ಕೊನೆಗೆ ಬರಬೇಕು. ಆದರೆ ಹೊಸ ಕವಿತೆಗಳಲ್ಲಿ ಅದು ಎಲ್ಲೆಂದರಲ್ಲಿ ಕಾಣುತ್ತದೆ. ಇದು ಬರೀ ಛಂದಸ್ಸಿನ ಒತ್ತಾಯವೇ?

ಉತ್ತರ: ಒಂದಿಷ್ಟು ಹೌದು. ಆದರೆ ಪರ್ಷಿಯನ್ ಕವಿ ನೀಮಾ ಯೂಶಿಜ್ (1897–1960) ಸಾಲುಗಳೆಲ್ಲ ಒಂದೇ ಅಳತೆಯಲ್ಲಿರಬೇಕೆಂಬ ಕಟ್ಟನ್ನು ಸಡಿಲಿಸಿದ ಮೇಲೆ ಆ ನೆಪ ಬಹಳ ದೂರ ಬರುವುದಿಲ್ಲ. ಅವರದೇ ಸಾಲು: ‘ಮೀತರಾವದ್ ಮಹ್ತಾಬ್’. ಮಾಮೂಲಿ ಮಾತಿನ ಕ್ರಮದಲ್ಲಿ ‘ಮಹ್ತಾಬ್ ಮೀತರಾವದ್’, ಬೆಳದಿಂಗಳು ಜಿನುಗುತ್ತಿದೆ. ಈ ಕ್ರಿಯಾಪದ ನೀರಿನಂಥ ದ್ರವಕ್ಕೆ ಸೇರಿದ್ದು. ಅದು ಮೊದಲು ಬಂದಾಗ ಓದುಗ ಒಸರುವ ನೀರನ್ನು ನಿರೀಕ್ಷಿಸುತ್ತಾನೆ, ಸಿಗುವುದು ಬೆಳದಿಂಗಳು. ಕ್ರಮ ತಿರುಗಿಸಿದರೆ ಉಳಿಯುವುದು ಸಾಧಾರಣ ರೂಪಕ.

ಇನ್ನೊಂದು: ‘ತೊರಾ ಮನ್ ಚಶ್ಮ್ ದರ್ ರಾಹಮ್ ಶಬಾಹಂಗಾಮ್’. ನಿನ್ನ ದಾರಿಯನ್ನು ನಾನು ಕಾಯುತ್ತಿದ್ದೇನೆ, ಇರುಳಾಗುವ ಹೊತ್ತಲ್ಲಿ. ‘ರಾಹಮ್’ನ ಕೊನೆಯ ‘ಅಮ್’ ಒಂದೇ ‘ನಾನು’ ಎಂದು ಹೇಳಿಬಿಡುತ್ತದೆ. ಹಾಗಿದ್ದೂ ‘ಮನ್’ (ನಾನು) ಬಂದಿದೆ, ಅದೂ ‘ತೊರಾ’ಕ್ಕೆ (ನಿನ್ನನ್ನು) ಒತ್ತಿಕೊಂಡು. ಲಯಕ್ಕೂ ಅದು ಬೇಕಿತ್ತು, ನಿಜ. ಆದರೆ ದೂರವಿರುವ ಇಬ್ಬರು ಸಾಲಿನ ಆರಂಭದಲ್ಲಾದರೂ ಅಕ್ಕಪಕ್ಕ ನಿಂತರು. ವಾಕ್ಯ ಮುಗಿದ ಮೇಲೆ ಹೊತ್ತು ಬರುತ್ತದೆ.

ಕರ್ಮಪದ ಹೀಗೆ ಓಡಾಡಲು ‘ರಾ’ ಪ್ರತ್ಯಯದ (ನಮ್ಮ ‘ಅನ್ನು’ವಿನಂಥದು) ಬೆಂಬಲ ಬೇಕು. ‘ಕೆತಾಬ್ ಖಾಂದಮ್’ (ಪುಸ್ತಕ ಓದಿದೆ) ಎಂಬಲ್ಲಿ ಕರ್ಮ ಕ್ರಿಯಾಪದಕ್ಕೆ ಅಂಟಿಕೊಂಡಿರುತ್ತದೆ. ‘ಕೆತಾಬ್ ರಾ’ ಆದರೆ ಅದು ಗೊತ್ತಿರುವ ಪುಸ್ತಕ, ಸಾಲಿನ ತಲೆಗೂ ಹೋಗಬಲ್ಲದು.

ಓದುವಾಗ ಮೊದಲು ಸಾಲನ್ನು ಗದ್ಯಕ್ರಮಕ್ಕೆ ತನ್ನಿ, ಜಾಗ ಬಿಟ್ಟ ಪದ ಯಾವುದೆಂದು ಗುರುತಿಸಿ. ಒಂದು ಎಚ್ಚರಿಕೆ: ‘ರಫ್ತಮ್ ಖೂನೆ’ (ಹೋದೆ ಮನೆಗೆ) ತೆಹ್ರಾನಿನ ದಿನನಿತ್ಯದ ಮಾತು. ಹೋಗುವ ಜಾಗ ಕ್ರಿಯಾಪದದ ನಂತರ ಬಂದದ್ದಕ್ಕೆಲ್ಲ ಕಾವ್ಯಾರ್ಥ ಹುಡುಕಬೇಡಿ, ಅಲ್ಲಿ ಆಡುಮಾತಿನ ಧಾಟಿ ಇರಬಹುದು ಅಷ್ಟೆ.

ಪ್ರಶ್ನೆ: ಕನ್ನಡಕ್ಕೆ ತರುವಾಗ ಅದೇ ಕ್ರಮ ಉಳಿಯುತ್ತದೆಯೇ?

ಉತ್ತರ: ಕರ್ತೃ, ಕರ್ಮ, ಕ್ರಿಯಾಪದದ ಮಟ್ಟಿಗೆ ಸುಲಭ, ವಿಭಕ್ತಿಗಳಿವೆಯಲ್ಲ. ತೊಡಕು ವಿಶೇಷಣದಲ್ಲಿ. ‘ಶಬೆ ಸಿಯಾಹ್’ನಲ್ಲಿ ಇರುಳು ಮೊದಲು, ಕಪ್ಪು ಆಮೇಲೆ; ನಮ್ಮಲ್ಲಿ ತಿರುವುಮುರುವು. ಕವಿ ನಾಮಪದದ ಬಳಿ ಸಾಲು ಮುರಿದು ವಿಶೇಷಣವನ್ನು ಕೆಳಗಿನ ಸಾಲಿಗೆ ಬಿಟ್ಟಿದ್ದರೆ ‘ಕಪ್ಪು ಇರುಳು’ ಆ ತಡೆಯನ್ನೇ ನುಂಗಿಹಾಕುತ್ತದೆ. ಅಂಥಲ್ಲಿ ‘ಇರುಳು,’ ಎಂದು ನಿಲ್ಲಿಸಿ, ಮುಂದಿನ ಸಾಲಿನಲ್ಲಿ ‘ಕಪ್ಪಿರುಳು’ ಎನ್ನಿ. ಒಂದು ಕವಿತೆಯಲ್ಲಿ ಒಮ್ಮೆ ಮಾಡಿದರೆ ಸರಿ. ಸಾಲುಸಾಲಿಗೂ ಮಾಡಿದರೆ ಅನುವಾದ ತೊದಲುತ್ತದೆ.