ಪಿರಾನ್ಹಾ ಮರಿಗಳು ಒಂದನ್ನೊಂದು ಕಚ್ಚಿ ತಿನ್ನುತ್ತಿವೆ, ತಡೆಯುವುದು ಹೇಗೆ?

ನೀವು ಬರೆದಿರುವುದು ಇಷ್ಟು: ಮೂರು ವಾರದ ಹಿಂದೆ ಕೆಂಪು ಹೊಟ್ಟೆಯ ಪಿರಾನ್ಹಾ ಮರಿ ಎಂಟು ತಂದಿರಿ. ಈಗ ಐದು ಉಳಿದಿವೆ. ಒಂದಕ್ಕೆ ಬಾಲವಿಲ್ಲ, ಇನ್ನೊಂದಕ್ಕೆ ಒಂದು ಕಣ್ಣಿಲ್ಲ. ಟ್ಯಾಂಕಿನ ಉದ್ದ ಮೂರು ಅಡಿ. ದಿನಕ್ಕೆ ಒಂದೇ ಸಲ ಊಟ. ಇವು ಹುಟ್ಟಾ ಕ್ರೂರಿಗಳಾ, ಬೆಳೆದ ಮೇಲೆ ಸರಿ ಹೋಗ್ತವಾ ಅಂತ ಕೇಳಿದ್ದೀರಿ.

ಸರಿ ಹೋಗುತ್ತವೆ. ಆದರೆ ಅಲ್ಲಿಯವರೆಗೆ ಉಳಿಯಬೇಕಲ್ಲ! ನಾನು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಗ ಆರು ವರ್ಷ ಇವನ್ನು ಸಾಕಿದ್ದೆ. ಮೊದಲ ಸಲ ಹತ್ತು ಮರಿ ತಂದು ನಾಲ್ಕು ಉಳಿಸಿಕೊಂಡೆ. ಎರಡನೇ ಸಲ ಒಂಬತ್ತು ತಂದೆ, ಒಂದೇ ಒಂದು ಹೋಯಿತು. ಮೀನು ಅದೇ ಜಾತಿ, ಟ್ಯಾಂಕೂ ಅದೇ. ಬದಲಾದದ್ದು ನಾನು ಊಟ ಹಾಕುವ ರೀತಿ.

ಅದಕ್ಕೆ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಬಾಲ ಹೋದದ್ದನ್ನು ಬೇರೆ ಮಾಡಿ. ಬಾಲವಿಲ್ಲದ ಮೀನು ಓಡಲಾರದು, ಉಳಿದವು ಅದನ್ನೇ ಹುಡುಕಿಕೊಂಡು ಬರುತ್ತವೆ. ಇನ್ನೊಂದು ಚಿಕ್ಕ ಟ್ಯಾಂಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಣ್ಣ ತೂತುಗಳಿರುವ ಅಡುಗೆಮನೆಯ ಪ್ಲಾಸ್ಟಿಕ್ ಬುಟ್ಟಿಯನ್ನು ಅದೇ ಟ್ಯಾಂಕಿನಲ್ಲಿ ಅರ್ಧ ಮುಳುಗಿಸಿ ಕಟ್ಟಿ, ಅದರೊಳಗೆ ಬಿಡಿ. ಹಿಡಿಯಲು ಬಲೆ ಬೇಡ, ಹಲ್ಲು ಎಳೆಗೆ ಸಿಕ್ಕಿಕೊಂಡು ಒದ್ದಾಡುತ್ತದೆ. ಹಳೇ ಡಬ್ಬದಲ್ಲಿ ನೀರಿನ ಸಮೇತ ಎತ್ತಿ. ಕೈ ಅಂತೂ ಹಾಕಲೇಬೇಡಿ. ನೀರು ಚೊಕ್ಕಟವಾಗಿದ್ದರೆ ರೆಕ್ಕೆ, ಬಾಲ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತವೆ.

ಈಗ ಊಟದ ವಿಚಾರ. ನನಗೆ ಮೀನು ಕೊಟ್ಟ ಅಂಗಡಿಯವರು "ಎರಡು ದಿನಕ್ಕೊಮ್ಮೆ ಹಾಕಿ ಸಾಕು, ಜಾಸ್ತಿ ಹಾಕಿದರೆ ನೀರು ಕೆಡುತ್ತದೆ" ಅಂದಿದ್ದರು. ಬೆಳೆದ ಮೀನಿಗೆ ಅದು ಸರಿಯಾದ ಮಾತೇ. ಮೂರು ನಾಲ್ಕು ಸೆಂಟಿಮೀಟರ್ ಮರಿಗೆ ಅದು ಉಪವಾಸ. ಈ ವಯಸ್ಸಿನಲ್ಲಿ ಅವು ವಾರದಿಂದ ವಾರಕ್ಕೆ ಕಣ್ಣಿಗೆ ಕಾಣುವಷ್ಟು ಬೆಳೆಯುತ್ತವೆ. ದಕ್ಷಿಣ ಅಮೆರಿಕದ ತಮ್ಮ ನೀರಿನಲ್ಲಿ ದೊಡ್ಡ ಪಿರಾನ್ಹಾಗಳು ಹೆಚ್ಚಾಗಿ ಬೆಳಗಿನ ಜಾವ ಮತ್ತು ಸಂಜೆಗತ್ತಲಲ್ಲಿ ಬೇಟೆಗೆ ಹೊರಟರೆ, ಮರಿಗಳು ಹಗಲಿಡೀ ಮೇಯುತ್ತಿರುತ್ತವೆ. ಹುಳ, ಸಣ್ಣ ಸೀಗಡಿ, ಬೇರೆ ಮೀನುಗಳ ರೆಕ್ಕೆಯ ಚೂರು, ಹೀಗೆ ಸಿಕ್ಕಿದ್ದನ್ನು ಸ್ವಲ್ಪ ಸ್ವಲ್ಪವಾಗಿ. ರೆಕ್ಕೆ ಕಚ್ಚಿ ತಿನ್ನುವುದು ಅವಕ್ಕೆ ದುರಭ್ಯಾಸವಲ್ಲ, ದಿನದ ಊಟದ ಒಂದು ಭಾಗ. ನಿಮ್ಮ ಟ್ಯಾಂಕಿನಲ್ಲಿ ಬೇರೆ ಮೀನಿಲ್ಲ. ಹಾಗಾಗಿ ಪಕ್ಕದವನ ರೆಕ್ಕೆ.

ಆದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲವೂ ಕಮ್ಮಿ ಕಮ್ಮಿ ಹಾಕಿ. ಸಿಪ್ಪೆ ತೆಗೆದ ಸೀಗಡಿ, ಮುಳ್ಳಿಲ್ಲದ ಬಿಳಿ ಮೀನು, ಎರೆಹುಳು, ಫ್ರೋಜನ್ ಬ್ಲಡ್‌ವರ್ಮ್ (ಮೀನಿಗೆ ಹಾಕುವ ಸಣ್ಣ ಕೆಂಪು ಹುಳು), ಜೊತೆಗೆ ಮಾಂಸಾಹಾರಿ ಮೀನಿನ ಪೆಲೆಟ್. ಚೂರುಗಳು ಒಂದೇ ಬಾಯಿಗೆ ಹಿಡಿಸುವಷ್ಟು ಚಿಕ್ಕದಾಗಿರಲಿ. ದೊಡ್ಡ ತುಂಡು ಹಾಕಿದರೆ ಎಲ್ಲವೂ ಅದಕ್ಕೇ ಮುಗಿಬೀಳುತ್ತವೆ, ಆ ಗಲಾಟೆಯಲ್ಲಿ ಯಾರೋ ಒಬ್ಬರ ಕಣ್ಣು ಹೋಗುತ್ತದೆ. ಒಂದೇ ಕಡೆ ಸುರಿಯಬೇಡಿ, ಟ್ಯಾಂಕಿನ ಎರಡೂ ತುದಿಗೆ ಒಟ್ಟಿಗೆ ಹಾಕಿ. ಹತ್ತು ನಿಮಿಷ ಬಿಟ್ಟು ಉಳಿದದ್ದನ್ನು ತೆಗೆದುಬಿಡಿ. ಹೊಟ್ಟೆ ಒಳಕ್ಕೆ ಹೋಗಿದೆಯಾ, ದುಂಡಗಿದೆಯಾ ಅಂತ ದಿನಾ ನೋಡಿ. ಐದರಲ್ಲಿ ಒಂದರ ಹೊಟ್ಟೆ ಬತ್ತಿದ್ದರೂ ಕಚ್ಚಾಟ ನಿಲ್ಲುವುದಿಲ್ಲ.

ಜೀವಂತ ಗೋಲ್ಡ್‌ಫಿಶ್ ಹಾಕಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ನನಗೂ ಇತ್ತು, ಸುಳ್ಳೇಕೆ ಹೇಳಲಿ. ಬೇಡ. ಅವುಗಳ ಜೊತೆ ರೋಗ ಬರುತ್ತದೆ. ಸಾಲದ್ದಕ್ಕೆ ಗೋಲ್ಡ್‌ಫಿಶ್ ಮಾಂಸದಲ್ಲಿ ಬಿ1 ವಿಟಮಿನ್ ಹಾಳು ಮಾಡುವ ಥಯಾಮಿನೇಸ್ ಎಂಬ ಕಿಣ್ವವಿದೆ. ದಿನಾ ಅದನ್ನೇ ತಿಂದರೆ ಪಿರಾನ್ಹಾವೇ ಬಡವಾಗುತ್ತದೆ.

ಜಾಸ್ತಿ ಊಟ ಅಂದರೆ ಜಾಸ್ತಿ ಗಲೀಜು, ಇದು ಸತ್ಯ. ಒಳ್ಳೆಯ ಫಿಲ್ಟರ್ ಬೇಕು. ನಾನು ವಾರಕ್ಕೆ ಎರಡು ಸಲ ಕಾಲು ಭಾಗ ನೀರು ಬದಲಾಯಿಸುತ್ತಿದ್ದೆ. ಟ್ಯಾಂಕ್ ಹೊಸದಾದರೆ ಅಮೋನಿಯಾ, ಅಂದರೆ ಗಲೀಜಿನಿಂದ ನೀರಿಗೆ ಸೇರುವ ವಿಷ, ಎಷ್ಟಿದೆ ಅಂತ ಟೆಸ್ಟ್ ಮಾಡಿ ನೋಡಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ನಾವು ಬೆಳಿಗ್ಗೆ ಎದ್ದು ನೋಡುವುದು ತಿಂದುಳಿದ ತಲೆಯನ್ನು. ಅದು ಮೊದಲು ನೀರು ಕೆಟ್ಟು ಸುಸ್ತಾಯಿತಾ, ಸತ್ತ ಮೇಲೆ ತಿಂದವಾ, ಬದುಕಿದ್ದಾಗಲೇ ತಿಂದವಾ ಅನ್ನುವುದು ನಮಗೆ ಕಾಣುವುದಿಲ್ಲ. ನನ್ನ ಮೊದಲ ಹತ್ತರಲ್ಲಿ ಮೂರಾದರೂ ಹಾಗೆ ನೀರಿನಿಂದಲೇ ಹೋಗಿರಬೇಕು. ಪಾಪ ಅಣ್ಣತಮ್ಮಂದಿರ ಮೇಲೆ ಹೊರಿಸಿದ್ದೆ.

ಇನ್ನು ಗಾತ್ರ. ಮೊದಲು ತಿಂದದ್ದು ಮೊದಲು ಬೆಳೆಯುತ್ತದೆ, ಬೆಳೆದದ್ದು ಮತ್ತೆ ಮೊದಲು ತಿನ್ನುತ್ತದೆ. ಹೀಗೆ ಒಂದೇ ದಿನ ತಂದ ಮರಿಗಳಲ್ಲೂ ತಿಂಗಳೊಳಗೆ ಒಂದು ಪೈಲ್ವಾನ್ ಆಗಿರುತ್ತದೆ. ಇನ್ನೊಂದು ಅದರ ಬಾಯಿಗೆ ಸರಿಹೋಗುವಷ್ಟೇ ಇರುತ್ತದೆ. ಎಲ್ಲರೂ ಚಿಕ್ಕದನ್ನು ತೆಗೆದು ಕಾಪಾಡಲು ನೋಡುತ್ತಾರೆ. ಆಗ ಅದಕ್ಕಿಂತ ಸ್ವಲ್ಪ ದೊಡ್ಡದರ ಸರದಿ ಬರುತ್ತದೆ. ನಾನು ಮಾಡಿದ್ದು ಉಲ್ಟಾ. ಪೈಲ್ವಾನನನ್ನೇ ಎರಡು ವಾರ ಗಾಜಿನ ಅಡ್ಡಗೋಡೆ ಹಾಕಿ ಆಚೆ ಇಟ್ಟೆ. ಅಷ್ಟರಲ್ಲಿ ಉಳಿದವು ಚೆನ್ನಾಗಿ ತಿಂದು ಹತ್ತಿರ ಹತ್ತಿರ ಅದರ ಗಾತ್ರಕ್ಕೆ ಬಂದವು. ಮತ್ತೆ ಸೇರಿಸುವ ದಿನ ಒಳಗಿನ ಕಲ್ಲು, ಕಟ್ಟಿಗೆ ಎಲ್ಲದರ ಜಾಗ ಬದಲಾಯಿಸಿ, ರಾತ್ರಿ ದೀಪ ಆರಿಸಿ ಬಿಟ್ಟೆ. ಯಾವ ಮೂಲೆ ಯಾರದು ಅನ್ನುವುದೇ ಮರೆತುಹೋಗಿತ್ತು.

"ಹುಟ್ಟಾ ಕ್ರೂರಿಗಳಾ" ಅಂದಿರಲ್ಲ, ನಿಜ ಹೇಳಬೇಕೆಂದರೆ ಇವು ಹೆದರುಪುಕ್ಕಲು ಮೀನು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಆ್ಯನ್ ಮಗುರನ್ ಮತ್ತು ಬ್ರೆಜಿಲ್‌ನ ಹೆಲ್ಡರ್ ಕೆಯ್ರೋಸ್ ಇದನ್ನು ಪರೀಕ್ಷೆ ಮಾಡಿ 2005ರಲ್ಲಿ ಪ್ರಕಟಿಸಿದರು. ಎರಡೇ ಪಿರಾನ್ಹಾ ಜೊತೆಗಿದ್ದಾಗ ಅವು ಜೋರಾಗಿ ಉಸಿರಾಡುತ್ತಿದ್ದವು. ಎಂಟು ಒಟ್ಟಿಗಿದ್ದಾಗ ನಿಧಾನವಾಗಿ. ಗುಂಪು ಕಟ್ಟುವುದು ಬೇಟೆಗಲ್ಲ, ತಮ್ಮನ್ನು ತಿನ್ನುವವರಿಂದ ಉಳಿದುಕೊಳ್ಳಲು ಎಂಬುದು ಅವರ ವಾದ. ಹೀಗಾಗಿ "ಕಚ್ಚಾಡ್ತಾವೆ, ಎರಡೇ ಇಟ್ಕೊಳ್ತೀನಿ" ಅನ್ನಬೇಡಿ. ಎರಡಾದರೆ ಕಚ್ಚಿಸಿಕೊಳ್ಳುವುದು ಯಾವಾಗಲೂ ಅದೇ ಒಂದು. ಐದು ಪರವಾಗಿಲ್ಲ. ಹೊಸದನ್ನು ಸೇರಿಸುವುದಾದರೆ ಅದೇ ಗಾತ್ರದವು ಸಿಕ್ಕರೆ ಮಾತ್ರ, ಅದೂ ಮೂರು ನಾಲ್ಕು ಒಟ್ಟಿಗೆ.

ಹೆದರಿದ ಮೀನಿಗೆ ಅಡಗಲು ಜಾಗ ಬೇಕು. ಅವುಗಳ ನಾಡಿನಲ್ಲಿ ಮರಿಗಳು ತೇಲುವ ಗಿಡಗಳ ಬೇರುಗಳ ನಡುವೆ ಬೆಳೆಯುತ್ತವೆ. ಅದರಲ್ಲಿ ಮುಖ್ಯವಾದದ್ದು ಯಾವುದು ಗೊತ್ತಾ? ನಮ್ಮ ಕೆರೆಗಳನ್ನೆಲ್ಲ ಹೊದ್ದು ಮಲಗಿರುವ ನೇರಳೆ ಹೂವಿನ ವಾಟರ್ ಹಯಾಸಿಂತ್. ಅದರ ತವರೂ ಅಮೆಜಾನ್ ಸೀಮೆಯೇ. ಮನೆಯೊಳಗಿನ ಬೆಳಕಿಗೆ ಅದು ಬದುಕುವುದು ಕಷ್ಟ. ಜಾವಾ ಫರ್ನ್ ಎಂಬ ನೀರಿನ ಗಿಡ ಕಟ್ಟಿದ ಮರದ ಬೇರು ಸಾಕು. ಒಂದು ಮೀನು ಓಡಿ ಇನ್ನೊಂದರ ಕಣ್ಣಿಂದ ಮರೆಯಾಗುವಂತಿದ್ದರೆ ಆಯಿತು. ಟ್ಯಾಂಕಿನ ಹಿಂದೆ, ಪಕ್ಕಕ್ಕೆ ಕಪ್ಪು ಕಾಗದ ಅಂಟಿಸಿ. ದೀಪ ಮಂದವಾಗಿರಲಿ. ನೀರಿನ ಬಿಸಿ 25 ಡಿಗ್ರಿ ಹತ್ತಿರ ಇರಲಿ. 29, 30ಕ್ಕೆ ಹೋದರೆ ಹಸಿವು ಜಾಸ್ತಿ, ಓಡಾಟ ಜಾಸ್ತಿ, ಕಚ್ಚಾಟವೂ ಜಾಸ್ತಿ. ಹೀಟರಿನ ವೈರನ್ನು ಪೈಪಿನೊಳಗೆ ತೂರಿಸಿಡಿ, ಕಡಿಯುತ್ತವೆ.

ಇವು ಸದ್ದನ್ನೂ ಮಾಡುತ್ತವೆ. ಬೆಲ್ಜಿಯಂನ ಲೀಯೆಜ್ ವಿಶ್ವವಿದ್ಯಾಲಯದವರು 2011ರಲ್ಲಿ ಮೂರು ಬಗೆಯ ಸದ್ದು ದಾಖಲಿಸಿದ್ದಾರೆ. ಎದುರುಬದುರಾಗಿ ನಿಂತು ಹೆದರಿಸುವಾಗ ಒಂದು, ಊಟಕ್ಕೆ ಜಗಳವಾಡುವಾಗ ಒಂದು, ಅಟ್ಟಿಸಿಕೊಂಡು ಹೋಗುವಾಗ ಹಲ್ಲು ಕಟಕಟಿಸುವುದು ಇನ್ನೊಂದು. ದಿಟ್ಟಿಸಿ ನಿಂತು ಸುಮ್ನೆ ತಿರುಗಿ ಹೋದರೆ ಯೋಚನೆ ಬೇಡ. ಬೆಳೆದ ಮೀನುಗಳ ಜಗಳ ಹೆಚ್ಚಾಗಿ ಅಷ್ಟಕ್ಕೇ ಮುಗಿಯುತ್ತದೆ. ಅಂದ ಹಾಗೆ, ಅವು 20ರಿಂದ 25 ಸೆಂಟಿಮೀಟರ್ ಬೆಳೆಯುತ್ತವೆ. ಮೂರಡಿ ಟ್ಯಾಂಕ್ ಇನ್ನು ಕೆಲವು ತಿಂಗಳಿಗಷ್ಟೇ. ಆಮೇಲೆ ಆರಡಿಯದು ಬೇಕು.

ಯಾವ ಊರು ಅಂತ ನೀವು ಬರೆದಿಲ್ಲ. ಭಾರತದಲ್ಲಾದರೆ ಬಾಯಿ ಒಮ್ಮೆ ನೋಡಿ. ಇಲ್ಲಿ ಪಿರಾನ್ಹಾ ಅಂತ ಮಾರುವುದು ಎಷ್ಟೋ ಸಲ ಪಾಕು, ಅಂದರೆ ಮೀನಂಗಡಿಯ ರೂಪ್‌ಚಂದ್. ಮರಿಯಾಗಿದ್ದಾಗ ಅದರ ಹೊಟ್ಟೆಯೂ ಕೆಂಪೇ. ಪಿರಾನ್ಹಾಕ್ಕೆ ಕೆಳದವಡೆ ಮುಂದಕ್ಕೆ ಚಾಚಿರುತ್ತದೆ, ಹಲ್ಲು ಗರಗಸದಂತೆ ಮುಕ್ಕೋನ. ಪಾಕುವಿಗೆ ನಮ್ಮ ದವಡೆಹಲ್ಲಿನಂತೆ ಚಪ್ಪಟೆ. ಕಣ್ಣು, ಬಾಲ ಹೋಗಿರುವುದು ನೋಡಿದರೆ ನಿಮ್ಮದು ಪಿರಾನ್ಹಾವೇ ಇರಬಹುದು. ಎರಡರಲ್ಲಿ ಯಾವುದಾದರೂ ಸರಿ, ಸಾಕಾಯಿತು ಅಂತ ಕೆರೆಗೆ ಮಾತ್ರ ಬಿಡಬೇಡಿ.

ಕಣ್ಣು ಹೋದದ್ದರ ಬಗ್ಗೆ ಕೊನೆಗೆ ಕೇಳಿದ್ದಿರಿ. ಕಣ್ಣು ಮತ್ತೆ ಬರುವುದಿಲ್ಲ. ಗಾಯ ಮಾಯ್ದರೆ ಮೀನು ಬದುಕುತ್ತದೆ. ನನ್ನ ಹತ್ತಿರವೂ ಒಂದು ಒಕ್ಕಣ್ಣಿನದಿತ್ತು, ನಾಲ್ಕು ವರ್ಷ ಇತ್ತು. ಅದು ಯಾವಾಗಲೂ ಕುರುಡು ಕಣ್ಣಿನ ಕಡೆ ಗಾಜು ಬರುವ ಹಾಗೆ ನಿಲ್ಲುತ್ತಿತ್ತು. ನಿಮ್ಮ ಒಕ್ಕಣ್ಣಿನದಕ್ಕೆ ಊಟದ ಚೂರನ್ನು ಮಾತ್ರ ಕಣ್ಣಿರುವ ಕಡೆಗೇ ಹಾಕಿ.