ತಾಲಿಬಾನ್ ಮೊದಲು ಗೆದ್ದದ್ದು ಒಂದು ರಸ್ತೆಯನ್ನು

ನೀವು ಕೇಳಿದ್ದು: 1994ಕ್ಕೆ ಮುಂಚೆ ಯಾರೂ ಹೆಸರು ಕೇಳದಿದ್ದ ತಾಲಿಬಾನ್ ಎರಡೇ ವರ್ಷದಲ್ಲಿ ಕಾಬೂಲ್ ಹಿಡಿದದ್ದು ಹೇಗೆ? ಅಫ್ಘನ್ ಜನರೇ ಅವರನ್ನು ಬರಮಾಡಿಕೊಂಡರು ಅನ್ನುತ್ತಾರಲ್ಲ, ಅದು ನಿಜವೇ?

ನಾನು ಇತಿಹಾಸದ ಮೇಷ್ಟ್ರು, ಈಗ ನಿವೃತ್ತ. ಇದರಲ್ಲಿ ಓದಿ ತಿಳಿದದ್ದು ಒಂದು ಪಾಲು. ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದ, ಪಶ್ಚಿಮ ಅಫ್ಘಾನಿಸ್ತಾನದ ಹೆರಾತ್ ಊರಿನ ವಿದ್ಯಾರ್ಥಿಯಿಂದ ತಿಳಿದದ್ದು ಇನ್ನೊಂದು ಪಾಲು. ಅವನ ಅಪ್ಪ ಲಾರಿ ಡ್ರೈವರ್. ಅಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ನಿಮ್ಮ ಪ್ರಶ್ನೆಯನ್ನು ಅವರಿಬ್ಬರಿಗೆ ಕೇಳಿದರೆ ಎರಡು ಉತ್ತರ ಬರುತ್ತವೆ, ಎರಡೂ ನಿಜ.

ಮೊದಲು ಹಿನ್ನೆಲೆ. ಸೋವಿಯತ್ ಸೇನೆ ಅಫ್ಘಾನಿಸ್ತಾನ ಬಿಟ್ಟು ಹೊರಟದ್ದು 1989ರ ಫೆಬ್ರವರಿಯಲ್ಲಿ. ಅದರ ಬೆಂಬಲದಲ್ಲಿದ್ದ ನಜೀಬುಲ್ಲಾ ಸರ್ಕಾರ ಇನ್ನೂ ಮೂರು ವರ್ಷ ಉಸಿರು ಹಿಡಿದುಕೊಂಡು 1992ರ ಏಪ್ರಿಲ್‌ನಲ್ಲಿ ಬಿತ್ತು. ಸೋವಿಯತ್ ವಿರುದ್ಧ ಒಟ್ಟಾಗಿ ಹೋರಾಡಿದ್ದ ಮುಜಾಹಿದೀನ್ ಪಕ್ಷಗಳು ಕಾಬೂಲ್ ಕೈಗೆ ಬಂದ ಕೂಡಲೇ ಒಂದರ ಮೇಲೊಂದು ಬಿದ್ದವು. ರಬ್ಬಾನಿ ಅಧ್ಯಕ್ಷ, ಅವರ ಸೇನಾಬಲ ಅಹ್ಮದ್ ಷಾ ಮಸೂದ್. ಪ್ರಧಾನಿ ಪಟ್ಟ ಸಿಕ್ಕರೂ ಎದುರಾಳಿ ಪಕ್ಷದ ನಾಯಕ ಹೆಕ್ಮತ್ಯಾರ್ ಊರ ಹೊರಗೆ ಕೂತು ತನ್ನದೇ ರಾಜಧಾನಿಯ ಮೇಲೆ ರಾಕೆಟ್ ಸುರಿಸಿದ. ಉಜ್ಬೆಕ್ ದಂಡಿನ ದೋಸ್ತಮ್ ಇವತ್ತು ಒಬ್ಬರ ಕಡೆ, ನಾಳೆ ಇನ್ನೊಬ್ಬರ ಕಡೆ. ಸೋವಿಯತ್ ಕಾಲದ ಯುದ್ಧದಲ್ಲೂ ಹೆಚ್ಚುಕಡಿಮೆ ಉಳಿದುಕೊಂಡಿದ್ದ ಕಾಬೂಲ್ ನಗರದ ದೊಡ್ಡ ಭಾಗ ಈ ಅಂತರ್ಯುದ್ಧದಲ್ಲಿ ನೆಲಸಮವಾಯಿತು.

ಆದರೆ ತಾಲಿಬಾನ್ ಹುಟ್ಟಿದ್ದು ಕಾಬೂಲಿನಲ್ಲಲ್ಲ, ದಕ್ಷಿಣದ ಕಂದಹಾರ್ ಕಡೆ. ಅಲ್ಲಿ ಯುದ್ಧಕ್ಕಿಂತ ಹೆಚ್ಚಾಗಿ ಸುಲಿಗೆ ನಡೆಯುತ್ತಿತ್ತು.

ಒಂದು ರಾತ್ರಿ ನಾನು ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕುತ್ತಿದ್ದಾಗ ಆ ಹುಡುಗ ಬಂದ. ಸರಪಳಿಯನ್ನು ಕೈಗೆ ತೆಗೆದುಕೊಂಡು ಎರಡು ಕಂಬಗಳ ನಡುವೆ ಎಳೆದು ಹಿಡಿದ. "ಸರ್, ನಮ್ಮಪ್ಪನ ಕಾಲದಲ್ಲಿ ಸರ್ಕಾರ ಅಂದರೆ ಇದು" ಅಂದ. ಪಾಕಿಸ್ತಾನದ ಗಡಿ ಊರು ಚಮನ್‌ನಿಂದ ಕಂದಹಾರ್‌ಗೆ ನೂರು ಕಿಲೋಮೀಟರ್ ಚಿಲ್ಲರೆ ದಾರಿ. ಆ ದಾರಿಯುದ್ದಕ್ಕೂ ಅಲ್ಲಲ್ಲಿ ರಸ್ತೆಗೆ ಅಡ್ಡ ಸರಪಳಿ, ಪಕ್ಕದಲ್ಲೊಂದು ಡೇರೆ, ಬಂದೂಕು ಹಿಡಿದ ನಾಲ್ಕು ಜನ. ಪ್ರತಿ ಸರಪಳಿಗೂ ಬೇರೆ ಬೇರೆ ಕಮಾಂಡರ್, ಬೇರೆ ಬೇರೆ ಮಾಮೂಲು. ಅವನ ಅಪ್ಪ ನೋಟುಗಳನ್ನು ಒಂದು ಕಡೆ ಇಡುತ್ತಿರಲಿಲ್ಲವಂತೆ. ಸ್ವಲ್ಪ ಟೋಪಿಯೊಳಗೆ, ಸ್ವಲ್ಪ ಸೀಟಿನಡಿ, ಸ್ವಲ್ಪ ಟೂಲ್ ಬಾಕ್ಸಿನ ಎಣ್ಣೆ ಬಟ್ಟೆಯಲ್ಲಿ. ಇಡೀ ಕಂತೆ ಕಣ್ಣಿಗೆ ಬಿದ್ದರೆ ಮೊದಲನೇ ಸರಪಳಿಯವನೇ ಎಲ್ಲ ಕಿತ್ತುಕೊಳ್ಳುತ್ತಿದ್ದ, ಉಳಿದ ಸರಪಳಿಗಳಿಗೆ ಕೊಡಲು ಏನೂ ಇರುತ್ತಿರಲಿಲ್ಲ. ದ್ರಾಕ್ಷಿ ಹೊತ್ತು ಹೊರಟ ಲಾರಿ ಎರಡು ದಿನ ತಡೆದು ನಿಂತರೆ ಕೆಳಗೆ ರಸ ಸೋರಲು ಶುರು. ಡ್ರೈವರ್ ಜೊತೆ ಚಿಕ್ಕ ವಯಸ್ಸಿನ ಕ್ಲೀನರ್ ಇದ್ದರೆ ಅವನಿಗೂ ಭಯ. ಆ ಕಮಾಂಡರ್‌ಗಳು ಹುಡುಗರನ್ನು, ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತಿದ್ದರು. ಇದನ್ನು ಹೇಳುವಾಗ ಅವನ ದನಿ ತಗ್ಗಿತ್ತು.

ಇಂಥ ಹೊತ್ತಿನಲ್ಲಿ ಕಂದಹಾರ್ ಹತ್ತಿರದ ಸಿಂಗೆಸಾರ್ ಎಂಬ ಹಳ್ಳಿಯ ಮುಲ್ಲಾ ಒಮರ್ ಒಂದಷ್ಟು ಮದರಸಾ ವಿದ್ಯಾರ್ಥಿಗಳನ್ನು, ಹಳೆಯ ಹೋರಾಟಗಾರರನ್ನು ಸೇರಿಸಿದ. ತಾಲಿಬ್ ಅಂದರೆ ವಿದ್ಯಾರ್ಥಿ, ತಾಲಿಬಾನ್ ಅದರ ಬಹುವಚನ. 1994ರ ಅಕ್ಟೋಬರ್‌ನಲ್ಲಿ ಅವರು ಗಡಿಯ ಸ್ಪಿನ್ ಬೋಲ್ದಕ್ ಹಿಡಿದರು, ಪಕ್ಕದ ದೊಡ್ಡ ಶಸ್ತ್ರಾಸ್ತ್ರ ಉಗ್ರಾಣವೂ ಕೈಗೆ ಬಿತ್ತು. ಅದೇ ತಿಂಗಳ ಕೊನೆಗೆ ಪಾಕಿಸ್ತಾನ 30 ಲಾರಿಗಳನ್ನು ಈ ದಾರಿಯಲ್ಲಿ ತುರ್ಕ್‌ಮೆನಿಸ್ತಾನಕ್ಕೆ ಕಳಿಸಿತು. ಕಂದಹಾರ್ ಬಳಿ ಕಮಾಂಡರ್‌ಗಳು ತಡೆದರು. ತಾಲಿಬಾನ್ ಬಂದು ಲಾರಿಗಳನ್ನು ಬಿಡಿಸಿ, ತಡೆದವರಲ್ಲಿ ಒಬ್ಬನನ್ನು ಕೊಂದು ಟ್ಯಾಂಕಿನ ನಳಿಗೆಗೆ ನೇತುಹಾಕಿತು. ನವೆಂಬರ್ ಮೊದಲ ವಾರದಲ್ಲಿ ಕಂದಹಾರ್ ನಗರವೇ ಅವರದಾಯಿತು. ಊರಿನ ಪ್ರಬಲ ಕಮಾಂಡರ್ ಮುಲ್ಲಾ ನಕೀಬ್ ಎದುರು ನಿಲ್ಲಲೇ ಇಲ್ಲ.

ಸರಪಳಿಗಳು ಹೋದವು. ಹುಡುಗನ ಅಪ್ಪ ಮನೆಗೆ ಬಂದು, ಒಂದೇ ಕಡೆ ಸುಂಕ ಕೊಟ್ಟೆ, ಒಂದೇ ಓಟದಲ್ಲಿ ಬಂದೆ ಎಂದು ನೆರೆಹೊರೆಯವರಿಗೆಲ್ಲ ಹೇಳಿದರಂತೆ. ಅವರ ಆ ಸಂತೋಷವನ್ನು ನಾನು ತಪ್ಪೆನ್ನಲಾರೆ. ಬರಮಾಡಿಕೊಂಡರು ಎಂಬ ಮಾತು ಇಲ್ಲಿ, ಕಂದಹಾರ್ ಸುತ್ತಿನ, ತಾಲಿಬಾನಿನ ಹೆಚ್ಚಿನವರು ಸೇರಿದ್ದ ಪಷ್ತೂನ್ ಜನಾಂಗದ ಸೀಮೆಯಲ್ಲಿ, ನಿಜ.

ಆದರೆ ಜನರ ಬೇಸರ ಒಂದರಿಂದಲೇ ಸೈನ್ಯ ಕಟ್ಟಲಾಗದು. ಹೆಕ್ಮತ್ಯಾರ್‌ನನ್ನು ನಂಬಿ ಕೆಟ್ಟಿದ್ದ ಪಾಕಿಸ್ತಾನಕ್ಕೆ ಹೊಸ ಕುದುರೆ ಬೇಕಿತ್ತು. ಬೆನಜೀರ್ ಭುಟ್ಟೋ ಸರ್ಕಾರದ ಗೃಹಮಂತ್ರಿ ನಸೀರುಲ್ಲಾ ಬಾಬರ್‌ಗೆ ಮಧ್ಯ ಏಷ್ಯಾದವರೆಗೆ ವ್ಯಾಪಾರದ ದಾರಿ ತೆರೆಯುವ ಹಂಬಲ. ಗಡಿಯಾಚೆಯ ಪಾಕಿಸ್ತಾನದ ಊರು ಕ್ವೆಟ್ಟಾದ ಲಾರಿ ಮಾಲೀಕರು ಸರಪಳಿ ತೆಗೆಸಿದವರಿಗೆ ಹಣ ಸುರಿದರು. ಗಡಿಯಾಚೆ ನಿರಾಶ್ರಿತರ ಶಿಬಿರಗಳಲ್ಲಿ ಬೆಳೆದು, ಮದರಸಾ ಬಿಟ್ಟು ಬೇರೇನೂ ಕಾಣದ ಸಾವಿರಾರು ಹುಡುಗರು ಬಂದು ಸೇರಿದರು. ಅವರಿಗೆ ಊರು, ಹೊಲ, ತೋಟ, ಅಕ್ಕತಂಗಿಯರ ನಡುವಿನ ಬದುಕು ಎಂಬುದೇ ಗೊತ್ತಿರಲಿಲ್ಲ. ಇದನ್ನು ನಾನು ಬಹಳ ಮುಖ್ಯ ಎಂದು ತಿಳಿದಿದ್ದೇನೆ. ಮೊದಲ ಮೂರು ತಿಂಗಳಲ್ಲಿ 12 ಪ್ರಾಂತ್ಯಗಳು ಅವರ ಕೈಗೆ ಬಂದವು, ಹೆಚ್ಚಿನವು ಹೊಡೆದಾಟವಿಲ್ಲದೆ, ದುಡ್ಡು ಕೊಟ್ಟು ಅಥವಾ ಹೆದರಿಸಿ.

1995ರ ಸೆಪ್ಟೆಂಬರ್ 5ರಂದು ಹೆರಾತ್ ಬಿತ್ತು. ಅದು ಪಾರ್ಸಿ ಮಾತಾಡುವ, ಓದು ಬರಹಕ್ಕೆ ಹೆಸರಾದ ಊರು. ಬಂದವರಿಗೆ ಊರಿನ ಭಾಷೆಯೂ ಬರುತ್ತಿರಲಿಲ್ಲ. ಹೆಣ್ಣುಮಕ್ಕಳ ಶಾಲೆಗಳು ಮುಚ್ಚಿದವು. ಅಪ್ಪ ಹೊಗಳಿದ್ದ ಅದೇ ಜನ ಹತ್ತೇ ತಿಂಗಳಲ್ಲಿ ಅಮ್ಮನನ್ನು ಮನೆಯಲ್ಲಿ ಕೂರಿಸಿದರು. ಅಮ್ಮ ಅಡುಗೆಮನೆಯಲ್ಲಿ ಕೇರಿಯ ಹುಡುಗಿಯರಿಗೆ ಗುಟ್ಟಾಗಿ ಪಾಠ ಹೇಳತೊಡಗಿದರು. ಹುಡುಗಿಯರು ಪುಸ್ತಕದ ಮೇಲೆ ಬಟ್ಟೆ, ಸೂಜಿದಾರ ಇಟ್ಟುಕೊಂಡು ಹೊಲಿಗೆ ಕಲಿಯಲು ಬಂದವರಂತೆ ಬರುತ್ತಿದ್ದರು. ಬಾಗಿಲಲ್ಲಿ ಆಡುತ್ತ ಕೂತು ಬೀದಿ ಕಾಯುವುದು ಏಳು ವರ್ಷದ ಈ ಹುಡುಗನ ಕೆಲಸ.

ಕಾಬೂಲಿನಲ್ಲಂತೂ ಸ್ವಾಗತದ ಮಾತೇ ಇಲ್ಲ. 1995ರ ಮಾರ್ಚ್‌ನಲ್ಲಿ ಮಸೂದ್ ತಾಲಿಬಾನನ್ನು ಹಿಮ್ಮೆಟ್ಟಿಸಿದ. ಅದೇ ತಿಂಗಳು ಶಿಯಾ ಪಂಥದ ಹಜಾರಾ ಜನಾಂಗದ ನಾಯಕ ಮಜಾರಿ ತಾಲಿಬಾನ್ ಸೆರೆಯಲ್ಲಿ ಸತ್ತರು. ಆಮೇಲೆ, ಹಿಂದೆ ಹೆಕ್ಮತ್ಯಾರ್ ಕೂತಿದ್ದ ಚಾರಾಸ್ಯಾಬ್ ಗುಡ್ಡಗಳಿಂದಲೇ ತಾಲಿಬಾನ್ ಕೂಡ ತಿಂಗಳುಗಟ್ಟಲೆ ಊರಿನ ಮೇಲೆ ರಾಕೆಟ್ ಹಾರಿಸಿತು. 1996ರ ಸೆಪ್ಟೆಂಬರ್ 27ರಂದು ಒಳಗೆ ಬಂದವರು ಮಾಡಿದ ಮೊದಲ ಕೆಲಸ, ವಿಶ್ವಸಂಸ್ಥೆಯ ಆವರಣದಲ್ಲಿ ಆಶ್ರಯ ಪಡೆದಿದ್ದ ನಜೀಬುಲ್ಲಾನನ್ನು ಎಳೆತಂದು ಕೊಂದು ಬೀದಿಯಲ್ಲಿ ನೇತುಹಾಕಿದ್ದು. 1998ರ ಆಗಸ್ಟ್‌ನಲ್ಲಿ ಉತ್ತರದ ಮಜಾರ್-ಇ-ಷರೀಫ್ ನಗರ ಹಿಡಿದಾಗ ಹಜಾರಾ ಜನರನ್ನು ಮನೆಮನೆ ಹೊಕ್ಕು ಕೊಂದರು. ಆ ಸತ್ತವರ ಮನೆಯವರ ಮುಂದೆ ನಿಂತು "ಜನ ಬರಮಾಡಿಕೊಂಡರು" ಎಂದು ಯಾರೂ ಹೇಳಲಾರರು.

ಹಾಗಾಗಿ ಆ ವಾಕ್ಯವನ್ನು ಎಲ್ಲಾದರೂ ಓದಿದರೆ, ಯಾವ ಊರು, ಯಾವ ವರ್ಷ, ಯಾರ ಮನೆ ಎಂದು ಕೇಳಿ. 1994ರ ಕಂದಹಾರ್‌ನ ಲಾರಿ ಡ್ರೈವರ್ ಮಾತನ್ನು ಇಡೀ ದೇಶದ ಮಾತು ಎಂದು ತಾಲಿಬಾನ್ ತಾನೇ ಹೇಳಿಕೊಂಡು ಬಂದಿದೆ. ನಾವು ಅದನ್ನೇ ಒಪ್ಪಿಸಬಾರದು.

2021ರ ಆಗಸ್ಟ್‌ನಲ್ಲಿ ಕಾಬೂಲ್ ಮತ್ತೆ ಬಿದ್ದಾಗ ಆ ಹುಡುಗ ಫೋನ್ ಮಾಡಿದ್ದ. ಅವನ ತಂಗಿಯ ಮಗಳು ಆಗ ಆರನೇ ತರಗತಿ ಮುಗಿಸಿದ್ದಳು. ಅದರಿಂದಾಚೆಗೆ ಹೆಣ್ಣುಮಕ್ಕಳಿಗೆ ಶಾಲೆಯಿಲ್ಲ. ಮರುವರ್ಷ ಮತ್ತೆ ಮಾತಾಡಿದಾಗ, ಅಮ್ಮ ಪಾಠ ಶುರು ಮಾಡಿದ್ದಾರೆ ಅಂದ. ಎಲ್ಲಿ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.